ಶಿವಲಿಂಗಿ ಬೀಜ ಮತ್ತು ಗಂಡುಮಗುವಿನ ಆಸೆ

ಮಳೆಗಾಲ ಹಿಂದೆ ಸರಿದು ಖಾನಾಪುರ ತಾಲ್ಲೂಕಿನ ಗದ್ದೆಗಳಲ್ಲಿ ಭತ್ತ ತೆನೆಗಟ್ಟುವ ಹೊತ್ತಿಗೆ ಬೇಲಿಗಳ ಮೇಲೆ ಒಂದು ಬಳ್ಳಿ ಕಣ್ಣಿಗೆ ಬೀಳುತ್ತದೆ. ಬೆರಳು ಬಿಡಿಸಿದ ಅಂಗೈಯಂಥ ಎಲೆ, ಗೋಲಿಯ ಗಾತ್ರದ ಕಾಯಿ, ಹಸಿರು ಮೈಮೇಲೆ ಬಿಳಿಯ ಪಟ್ಟೆ. ಹಣ್ಣಾದಾಗ ಹಸಿರು ಕೆಂಪಾಗುತ್ತದೆ. ಪಟ್ಟೆ ಮಾತ್ರ ಹಾಗೆಯೇ ಉಳಿಯುತ್ತದೆ. ಕನ್ನಡದಲ್ಲಿ ಇದು ಲಿಂಗತೊಂಡೆ, ಮರಾಠಿಯಲ್ಲಿ ಶಿವಲಿಂಗಿ. ಹಣ್ಣನ್ನು ಹಿಸುಕಿ ಬೀಜ ತೊಳೆದು ನೋಡಿದರೆ ಹೆಸರಿನ ಗುಟ್ಟು ತಿಳಿಯುತ್ತದೆ. ಪಾಣಿಪೀಠದ ಮೇಲೆ ಲಿಂಗವನ್ನು ಇಟ್ಟಂಥ ಆಕಾರ ಅದರದು.

ಈ ಆಕಾರ ಬೀಜಕ್ಕೆ ದೊಡ್ಡ ಕೀರ್ತಿಯನ್ನೂ ತಂದುಕೊಟ್ಟಿದೆ. ಮಕ್ಕಳಾಗದವರಿಗೆ ಇದು ಮದ್ದು ಎಂಬ ನಂಬಿಕೆ ದೇಶದ ಹಲವೆಡೆ ಇದೆ. ಬಸುರಾದ ಮೊದಲ ತಿಂಗಳುಗಳಲ್ಲಿ ನುಂಗಿದರೆ ಗಂಡುಮಗುವೇ ಹುಟ್ಟುತ್ತದೆ ಎಂಬ ಇನ್ನೊಂದು ನಂಬಿಕೆಯೂ ಅದರ ಜೊತೆಗೇ ಬೆಳೆದಿದೆ. ಇದರಲ್ಲಿ ನಿಜವೆಷ್ಟು?

ಮೊದಲು ಬಳ್ಳಿಯ ಕುಲಗೋತ್ರ ನೋಡೋಣ. 1753ರಲ್ಲಿ ಲಿನೇಯಸ್ ಇದನ್ನು ‘ಬ್ರಯೋನಿಯಾ’ ಎಂಬ ಕುಲಕ್ಕೆ ಸೇರಿಸಿದ. ನಮ್ಮ ಅಡಿಗೆಮನೆಯ ತೊಂಡೆಯನ್ನೂ 1767ರಲ್ಲಿ ಅಲ್ಲಿಗೇ ಸೇರಿಸಿದ್ದ. ಮುಂದೆ ಸಸ್ಯಶಾಸ್ತ್ರಜ್ಞರು ಎರಡನ್ನೂ ಆ ಕುಲದಿಂದ ಬೇರ್ಪಡಿಸಿದರು. 1962ರಿಂದ ಲಿಂಗತೊಂಡೆಯ ಹೆಸರು ‘ಡಿಪ್ಲೋಸೈಕ್ಲಾಸ್ ಪಾಲ್ಮೇಟಸ್’. ಆದರೂ ಔಷಧಿಯ ಪುಸ್ತಕಗಳಲ್ಲಿ ‘ಬ್ರಯೋನಿಯಾ ಲ್ಯಾಸಿನಿಯೋಸಾ’ ಎಂಬ ಹಳೆಯ ಹೆಸರು ಇನ್ನೂ ಉಳಿದುಕೊಂಡಿದೆ. ಬೆಳಗಾವಿಯ ಹೋಮಿಯೋಪತಿ ಅಂಗಡಿಗಳಲ್ಲಿ ಸಿಗುವ ‘ಬ್ರಯೋನಿಯಾ’ ಗುಳಿಗೆಗೂ ಈ ಬೀಜಕ್ಕೂ ಸಂಬಂಧವಿಲ್ಲ. ಆ ಗುಳಿಗೆಯ ಮೂಲ, ಜರ್ಮನಿಯ ಹಾನೆಮನ್ ಬಳಕೆಗೆ ತಂದ ಯುರೋಪಿನ ಬಿಳಿ ಬ್ರಯೋನಿಯ ಬೇರು. ಅದು ವಿಷದ ಗಿಡವೆಂದು ಅಲ್ಲಿಯವರಿಗೆ ಹಿಂದಿನಿಂದಲೂ ಗೊತ್ತು.

ಹೆಸರು ಬೇರೆಯಾದರೂ ಈ ಸೋದರ ಸಂಬಂಧಿಗಳೆಲ್ಲ ಸೋರೆ, ಹೀರೆ, ಸೌತೆಗಳ ದೊಡ್ಡ ಮನೆತನಕ್ಕೆ ಸೇರಿದವು. ಈ ಮನೆತನದ ಕಹಿಗೆ ಕಾರಣ ‘ಕುಕುರ್ಬಿಟಾಸಿನ್’ ಎಂಬ ರಾಸಾಯನಿಕಗಳ ಗುಂಪು. ಕೀಟ, ಪ್ರಾಣಿಗಳ ಬಾಯಿಯಿಂದ ತಪ್ಪಿಸಿಕೊಳ್ಳಲು ಗಿಡ ಮಾಡಿಕೊಂಡ ಏರ್ಪಾಡು ಇದು. ಸೋರೆಕಾಯಿಯ ಚೂರು ನಾಲಗೆಗಿಟ್ಟು ಕಹಿಯಿದ್ದರೆ ಎಸೆಯುವ ನಮ್ಮ ಹೆಂಗಸರು ಮಾಡುತ್ತ ಬಂದದ್ದು ಈ ವಿಷದ ಪರೀಕ್ಷೆಯನ್ನೇ. ಕಹಿ ಸೋರೆಯ ರಸ ಕುಡಿದು ಸಾವುಗಳಾದ ಮೇಲೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ನೇಮಿಸಿದ ತಜ್ಞರ ಸಮಿತಿಯ ವರದಿಯೂ ಅದನ್ನೇ ಹೇಳಿತು: ಕಹಿಯಿದ್ದರೆ ಕುಡಿಯಬೇಡಿ.

ಲಿಂಗತೊಂಡೆಯಲ್ಲಿಯೂ ಈ ಕಹಿಯಿದೆ. ಬೆಳಗಾವಿಯ ನೆರೆಯ ಕೊಲ್ಹಾಪುರದ ಶಿವಾಜಿ ವಿಶ್ವವಿದ್ಯಾಲಯದ ಸಂಶೋಧಕರು, ಇದರಿಂದ ಕುಕುರ್ಬಿಟಾಸಿನ್ ಅನ್ನು ಹೆಚ್ಚು ಪ್ರಮಾಣದಲ್ಲಿ ಬೇರ್ಪಡಿಸುವ ವಿಧಾನವನ್ನು 2020ರಲ್ಲಿ ಪ್ರಕಟಿಸಿದರು. ಕ್ಯಾನ್ಸರ್ ಜೀವಕೋಶಗಳ ಬೆಳವಣಿಗೆಯನ್ನು ಪ್ರಯೋಗಶಾಲೆಯಲ್ಲಿ ತಡೆಯುವ ಗುಣದಿಂದಾಗಿ ಈ ವಸ್ತುವಿನ ಬಗ್ಗೆ ವಿಜ್ಞಾನಿಗಳಿಗೆ ಆಸಕ್ತಿ. ಆದರೆ ಗಾಜಿನ ತಟ್ಟೆಯಲ್ಲಿ ಕ್ಯಾನ್ಸರ್ ಕೋಶವನ್ನು ಕೊಲ್ಲುವ ವಸ್ತು ಒಳ್ಳೆಯ ಕೋಶವನ್ನೂ ಕೊಲ್ಲಬಹುದು. ಔಷಧಿಗೂ ವಿಷಕ್ಕೂ ಇರುವ ಅಂತರ ಅನೇಕ ವೇಳೆ ಪ್ರಮಾಣದ್ದು. ಇದರ ಬೀಜದ ಎಣ್ಣೆಯಲ್ಲಿ ದಾಳಿಂಬೆ ಬೀಜದಲ್ಲಿರುವ ಪ್ಯೂನಿಸಿಕ್ ಆಮ್ಲವಿದೆ ಎಂಬುದು 1981ರಲ್ಲೇ ವರದಿಯಾಗಿತ್ತು. ಬೀಜದ ಸಾರವನ್ನು ಗಂಡು ಇಲಿಗಳಿಗೆ ಕೊಟ್ಟು ಪರೀಕ್ಷಿಸಿದವರೂ ಉಂಟು. ಇಲಿಯ ಮೇಲಿನ ಫಲಿತಾಂಶ ಬಸುರಿಯ ಪಾಲಿಗೆ ಭರವಸೆಯಾಗಲಾರದು.

ಇನ್ನು ಗಂಡುಮಗುವಿನ ಮಾತು. ಮಗು ಹೆಣ್ಣೋ ಗಂಡೋ ಎಂಬುದು ತಂದೆಯ ವೀರ್ಯಾಣು ಎಕ್ಸ್ ವರ್ಣತಂತುವನ್ನು ತಂದಿತೋ ವೈ ವರ್ಣತಂತುವನ್ನು ತಂದಿತೋ ಎಂಬುದರ ಮೇಲೆ ಗರ್ಭ ಕಟ್ಟುವ ಕ್ಷಣದಲ್ಲೇ ತೀರ್ಮಾನವಾಗಿರುತ್ತದೆ. ಆಮೇಲೆ ಯಾವ ಬೀಜ ನುಂಗಿದರೂ ಅದು ಬದಲಾಗದು. ಹುಟ್ಟುವುದರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಗಂಡೇ ಆದ್ದರಿಂದ ಮದ್ದು ಕೊಟ್ಟವನಿಗೆ ಅರ್ಧದಷ್ಟು ಕೀರ್ತಿ ಪುಕ್ಕಟೆಯಾಗಿ ಸಿಗುತ್ತದೆ.

ಇಷ್ಟೇ ಆಗಿದ್ದರೆ ಮೂಢನಂಬಿಕೆ ಎಂದು ಸುಮ್ಮನಿರಬಹುದಿತ್ತು. ಹರಿಯಾಣದಲ್ಲಿ ನಡೆದು 2015ರ ಸುಮಾರಿಗೆ ಪ್ರಕಟವಾದ ಅಧ್ಯಯನಗಳು ಬೇರೆಯೇ ಕಥೆ ಹೇಳುತ್ತವೆ. ಗಂಡುಮಗುವಿಗಾಗಿ ನಾಟಿ ಮದ್ದು ಸೇವಿಸಿದ ಬಸುರಿಯರ ಮಕ್ಕಳಲ್ಲಿ ಹುಟ್ಟು ದೋಷಗಳ ಸಾಧ್ಯತೆ ಸುಮಾರು ಮೂರು ಪಟ್ಟು ಹೆಚ್ಚಾಗಿತ್ತು. ಅಂಥ ಮದ್ದುಗಳಲ್ಲಿ ಶಿವಲಿಂಗಿಯೂ ಒಂದು. ಪರೀಕ್ಷಿಸಿದ ಮಾದರಿಗಳಲ್ಲಿ ಸಸ್ಯಜನ್ಯ ಈಸ್ಟ್ರೋಜೆನ್‌ಗಳೂ ಟೆಸ್ಟೋಸ್ಟೆರೋನ್ ಹಾರ್ಮೋನೂ ಕಂಡುಬಂದವು. ಮದ್ದುಗಳಲ್ಲಿ ಹಲವು ವಸ್ತುಗಳು ಬೆರೆತಿರುವುದರಿಂದ ಅಪರಾಧವನ್ನೆಲ್ಲ ಒಂದೇ ಬಳ್ಳಿಯ ತಲೆಗೆ ಕಟ್ಟುವಂತಿಲ್ಲ. ಆದರೆ ಭ್ರೂಣದ ಹೃದಯ, ಮಿದುಳು, ಕೈಕಾಲುಗಳು ಮೂಡುವ ದಿನಗಳಲ್ಲಿ ಇಂಥದನ್ನು ನುಂಗುವುದು ಎಂಥ ಅಪಾಯ ಎಂಬುದು ಸ್ಪಷ್ಟ.

ಹಾಗೆಂದು ಹಳ್ಳಿಯ ವೈದ್ಯವನ್ನೆಲ್ಲ ತಳ್ಳಿಹಾಕಬೇಕಿಲ್ಲ. ವೈದ್ಯಕೀಯ ಸಂಶೋಧನಾ ಮಂಡಳಿಯ ಕೇಂದ್ರವೊಂದು 2006ರಲ್ಲಿ ಬೆಳಗಾವಿಯಲ್ಲೇ ಆರಂಭವಾಗಿ, ಇಂದು ರಾಷ್ಟ್ರೀಯ ಸಾಂಪ್ರದಾಯಿಕ ವೈದ್ಯ ಸಂಸ್ಥೆಯಾಗಿದೆ. ಪಶ್ಚಿಮ ಘಟ್ಟದ ನಾಟಿ ವೈದ್ಯರ ತಿಳಿವಳಿಕೆಯನ್ನು ದಾಖಲಿಸಿ ಪ್ರಯೋಗಕ್ಕೆ ಒಡ್ಡುವುದು ಅದರ ಕೆಲಸಗಳಲ್ಲೊಂದು. ಯಾವ ಗಿಡ, ಯಾವ ಭಾಗ, ಎಷ್ಟು ಪ್ರಮಾಣ, ಯಾರಿಗೆ ಎಂಬ ಪ್ರಶ್ನೆಗಳಿಗೆ ಉತ್ತರ ಸಿಕ್ಕ ಮೇಲೆಯೇ ನಾರುಬೇರು ಔಷಧಿಯಾಗುವುದು.

ಅಲ್ಲಿಯವರೆಗೆ ಲಿಂಗತೊಂಡೆ ಖಾನಾಪುರದ ಬೇಲಿಯ ಮೇಲೆ ಚೆಂದವಾಗಿ ಹಬ್ಬಿಕೊಂಡಿರಲಿ. ಬಸುರಿಯ ಬಾಯಿಗೆ ಅದು ಬೇಡ. ಮನೆಗೆ ಬರುವ ಮಗು ಹೆಣ್ಣಾದರೇನು, ಗಂಡಾದರೇನು?