ಮನೆಬಾಗಿಲಿಗೆ ಬಂದ ಜೇನುಹಿಂಡು

ಕುಮಾರಸ್ವಾಮಿ ಬಡಾವಣೆಯಲ್ಲಿ ಹೊಂಗೆ ಹೂಬಿಡುವ ಕಾಲ. ಬೆಳಗಿನ ಹತ್ತು ಗಂಟೆಯ ಸುಮಾರಿಗೆ ಬೀದಿಯಲ್ಲಿ ಭೋರೆಂಬ ಸದ್ದು ಏಳುತ್ತದೆ ಎನ್ನಿ. ಮೇಲೆ ನೋಡಿದರೆ ಸಾವಿರಾರು ಹುಳುಗಳ ಸುತ್ತಾಟ. ತುಸುಹೊತ್ತಿನಲ್ಲಿ ಸದ್ದಡಗಿ, ಮನೆಯ ಮುಂದಿನ ಕೊಂಬೆಯಲ್ಲಿ ಕಂದುಬಣ್ಣದ ಗೊಂಚಲೊಂದು ಜೋತುಬಿದ್ದಿರುತ್ತದೆ. ತಾಯಂದಿರು ಮಕ್ಕಳನ್ನು ಒಳಕ್ಕೆ ಕರೆದುಕೊಳ್ಳುತ್ತಾರೆ. ಯಾರೋ ಬೆಂಕಿಯ ಪಂಜಿನ ಮಾತೆತ್ತುತ್ತಾರೆ. ಪಂಜು ಹೊತ್ತಿಸುವ ಮುನ್ನ, ಬಂದ ಅತಿಥಿ ಯಾರೆಂದು ತಿಳಿಯುವುದು ಮೇಲು.

ತುಡುವೆ ಜೇನು ಮರದ ಪೊಟರೆ, ಗೋಡೆಯ ಸಂದು ಮುಂತಾದ ಕತ್ತಲೆಯ ಎಡೆಗಳಲ್ಲಿ ಹಲವು ಎರಿಗಳನ್ನು ಕಟ್ಟಿ ಬಾಳುತ್ತದೆ. ಸಂಸಾರ ಬೆಳೆದಾಗ ಹಳೆಯ ರಾಣಿ ಗೂಡನ್ನು ಮಗಳಿಗೆ ಬಿಟ್ಟು, ಪರಿವಾರದ ದೊಡ್ಡದೊಂದು ಪಾಲಿನೊಡನೆ ಹೊರಬೀಳುತ್ತಾಳೆ. ಜೇನು ಸಾಕುವವರು ಇದನ್ನು ‘ಪಾಲಾಗುವುದು’ ಎನ್ನುತ್ತಾರೆ. ಹೊರಟ ಹುಳುಗಳು ಹೊಟ್ಟೆ ತುಂಬ ಜೇನು ಹೀರಿರುತ್ತವೆ. ಕಾಯಲು ಅವುಗಳಿಗೆ ಮರಿಗಳೂ ಇಲ್ಲ, ಎರಿಯೂ ಇಲ್ಲ. ಆದುದರಿಂದ ಕೆಣಕದ ಹೊರತು ಕುಟುಕುವುದು ಅಪರೂಪ. ಸಾಮಾನ್ಯವಾಗಿ ಕೆಲವು ಗಂಟೆಗಳಲ್ಲಿ, ಇಲ್ಲವೇ ಒಂದೆರಡು ದಿನಗಳಲ್ಲಿ ಹಿಂಡು ತಾನಾಗಿಯೇ ಹೊರಟುಹೋಗುತ್ತದೆ.

ಅಷ್ಟು ಹೊತ್ತು ಅವು ಮಾಡುವುದೇನು? ಮನೆ ಹುಡುಕುವುದು. 1949ರಲ್ಲಿ ಜರ್ಮನಿಯ ಮ್ಯೂನಿಕ್ ನಗರದಲ್ಲಿ ವಿಜ್ಞಾನಿ ಮಾರ್ಟಿನ್ ಲಿಂಡಾವರ್ ಇಂತಹುದೇ ಹಿಂಡಿನ ಮೇಲೆ ಕುಣಿಯುತ್ತಿದ್ದ ಕೆಲವು ಹುಳುಗಳನ್ನು ಕಂಡರು. ಅವುಗಳ ಮೈಗೆ ಮಸಿಯೂ ಇಟ್ಟಿಗೆಯ ಪುಡಿಯೂ ಮೆತ್ತಿಕೊಂಡಿದ್ದವು. ಯುದ್ಧದಲ್ಲಿ ಹಾಳಾದ ಆ ನಗರದ ಹೊಗೆಗೂಡು, ಮುರಿದ ಗೋಡೆಗಳನ್ನು ಹೊಕ್ಕು ನೋಡಿಬಂದ ಹುಳುಗಳು, ತಾವು ಕಂಡ ಎಡೆಯ ದಿಕ್ಕನ್ನೂ ದೂರವನ್ನೂ ಕುಣಿತದಿಂದ ಬಳಗಕ್ಕೆ ತಿಳಿಸುತ್ತಿದ್ದವು! ಬೆಂಗಳೂರಿನಲ್ಲಿ ಬಾಡಿಗೆಮನೆಗಾಗಿ ಅಲೆದವರಿಗೆ ಈ ಪಾಡು ಬಿಡಿಸಿ ಹೇಳಬೇಕಾಗಿಲ್ಲ.

ಆದರೆ ಹೆಜ್ಜೇನಿನ ಮಾತು ಬೇರೆ. ಎತ್ತರದ ಕಟ್ಟಡದ ಚಾವಣಿಯಂಚಿನಲ್ಲಿ, ನೀರಿನ ತೊಟ್ಟಿಯ ಅಡಿಯಲ್ಲಿ ಅಗಲವಾದ ಒಂದೇ ಎರಿಯನ್ನು ಬಯಲಿಗೇ ಕಟ್ಟುವ ಈ ಜಾತಿಯ ಹುಳುಗಳು ಗಾತ್ರದಲ್ಲಿಯೂ ಕೋಪದಲ್ಲಿಯೂ ದೊಡ್ಡವು. ಇವುಗಳ ಹಿಂಡೂ ವಲಸೆಯ ನಡುವೆ ಮರದಲ್ಲಿ ತಂಗುವುದುಂಟು. ಗುರುತು ತಿಳಿಯದಿದ್ದರೆ ಹೆಜ್ಜೇನೆಂದೇ ಎಣಿಸಿ ದೂರವಿರುವುದು ಕ್ಷೇಮ. ಕಲ್ಲೆಸೆಯುವುದು, ಹೊಗೆ ಹಾಕುವುದು, ಕೀಟನಾಶಕ ಸಿಂಪಡಿಸುವುದು ಕೂಡದು. ಆ ದಿಕ್ಕಿನ ಕಿಟಕಿ ಮುಚ್ಚಿ, ರಾತ್ರಿ ದೀಪದ ಬೆಳಕು ಹೊರಬೀಳದಂತೆ ನೋಡಿಕೊಳ್ಳಬೇಕು.

ಹುಳುಗಳು ಎರಗಿದರೆ ಕೈ ಬೀಸದೆ, ಮುಖ ಮುಚ್ಚಿಕೊಂಡು ಓಡಿ ಮನೆಯೊಳಗೆ ಸೇರಿ ಬಾಗಿಲು ಹಾಕಬೇಕು. ಒಂದು ಕೊಂಡಿ ನೆಟ್ಟೊಡನೆ ಹೊರಡುವ ವಾಸನೆ ಉಳಿದವನ್ನು ಅಲ್ಲಿಗೇ ಕರೆಯುತ್ತದೆ. ಕೊಂಡಿಯನ್ನು ಉಗುರಿನಿಂದ ತಡಮಾಡದೆ ಕೆರೆದು ತೆಗೆಯತಕ್ಕದ್ದು. ತಡವಾದಷ್ಟೂ ವಿಷ ಹೆಚ್ಚು ಇಳಿಯುತ್ತದೆ. ಉಸಿರು ಕಟ್ಟಿದರೆ, ಮುಖ ಊದಿದರೆ, ಅಥವಾ ಬಹಳ ಕಡೆ ಕುಟುಕಿದ್ದರೆ 108ಕ್ಕೆ ಕರೆಮಾಡಿ ಕೂಡಲೇ ಆಸ್ಪತ್ರೆ ಸೇರಬೇಕು.

ತುಡುವೆಯ ಹಿಂಡನ್ನು ಅನುಭವಿಗಳಾದ ಜೇನು ಸಾಕಣೆಗಾರರು ಪೆಟ್ಟಿಗೆಗೆ ಕೂಡಿಸಿ ಕೊಂಡೊಯ್ಯಬಲ್ಲರು. ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯದಲ್ಲಿ ಜೇನುಕೃಷಿಗೆಂದೇ ವಿಭಾಗವಿದೆ; ಅಲ್ಲಿ ತಿಳಿದವರನ್ನು ವಿಚಾರಿಸಬಹುದು. 1990ರ ದಶಕದ ಆರಂಭದಲ್ಲಿ ಥಾಯ್ ಸ್ಯಾಕ್‌ಬ್ರೂಡ್ ಎಂಬ ರೋಗ ತಗಲಿ ದಕ್ಷಿಣ ಭಾರತದ ತುಡುವೆ ಕುಟುಂಬಗಳಲ್ಲಿ ಬಹುಪಾಲು ನಾಶವಾದವು. ಅಂತಹ ಮಾರಿಯನ್ನು ದಾಟಿ ಉಳಿದ ವಂಶವಿದು. ತೆಂಗು, ಸೂರ್ಯಕಾಂತಿ, ಸಾಸಿವೆಗಳ ಹೂವು ಕಾಯಿಕಟ್ಟಲು ಇದರ ನೆರವುಂಟು. ಒಂದು ಹಗಲು ಬಾಗಿಲು ಮುಚ್ಚಿಕೊಂಡು ಕಾಯುವ ತಾಳ್ಮೆ ಮನೆಯವರಿಗಿದ್ದರೆ, ಸಾವಿರಾರು ಜೀವಗಳ ಆ ಸಂಸಾರವೂ ತನ್ನ ಮನೆ ಸೇರುತ್ತದೆ.