ಚೀಲಕ್ಕೆ ಬೀಳುವ ಮುನ್ನವೇ

ಕಲಬುರಗಿ ಸೀಮೆಯ ಕಪ್ಪು ಹೊಲಗಳಲ್ಲಿ ಹೆಸರು, ತೊಗರಿ ಎರಡೂ ಮುಂಗಾರಿಗೇ ಬಿತ್ತನೆಯಾಗುತ್ತವೆ. ಮಣ್ಣೊಂದೇ ಆದರೂ ಬೀಜದ ಹಣೆಬರಹ ಬೇರೆ ಬೇರೆ. ಹೆಸರು ಎರಡು–ಎರಡೂವರೆ ತಿಂಗಳಿಗೇ ಮಾಗುತ್ತದೆ. ಮಳೆ ಇನ್ನೂ ಊರು ಬಿಟ್ಟಿರುವುದಿಲ್ಲ. ಕೊಯ್ಲಿನ ಹೊತ್ತಿಗೆ ನಾಲ್ಕು ದಿನ ಜಿಟಿಜಿಟಿ ಹಿಡಿದರೆ ಕಾಯಿಯೊಳಗೇ ಮೊಳಕೆ. ಮೊಳೆಯದೆ ಉಳಿದದ್ದೂ ನೆನೆದು ಉಬ್ಬಿ, ಮತ್ತೆ ಒಣಗಿ, ಬಣ್ಣಗೆಟ್ಟು, ಬೂಸ್ಟು ಹಿಡಿಯುತ್ತದೆ. ತೊಗರಿಯೋ ಡಿಸೆಂಬರ್–ಜನವರಿಯ ಒಣಹವೆಯಲ್ಲಿ ಗಿಡದಲ್ಲೇ ಒಣಗಿ ಕಣಕ್ಕೆ ಬರುತ್ತದೆ. ಕಲಬುರಗಿ ತೊಗರಿಯ ಕೀರ್ತಿಯನ್ನೆಲ್ಲ ನಾವು ಮಣ್ಣಿಗೇ ಕೊಡುತ್ತೇವೆ. ಆ ಮೋಡವಿಲ್ಲದ ಆಕಾಶಕ್ಕೂ ಒಂದು ಪಾಲು ಸಲ್ಲಬೇಕು.

ಹಾಗೆಂದು ತೊಗರಿ ಗೆದ್ದಿತು ಅನ್ನುವಂತಿಲ್ಲ. ಗೋದಾಮಿನಲ್ಲಿ ನುಸಿ ಕಂಡಾಗ ಎಲ್ಲರೂ ಚೀಲವನ್ನು ಬೈಯುತ್ತಾರೆ. ಅದರ ತಾಯಿ ಹೊಲದಲ್ಲೇ ಕಾಯಿಯ ಮೇಲೆ ಮೊಟ್ಟೆ ಇಟ್ಟು ಹೋಗಿರುತ್ತದೆ. ಮರಿ ಕಾಳಿನೊಳಗೆ ಹೊಕ್ಕು ಅಲ್ಲೇ ತಿಂದು ಬೆಳೆಯುತ್ತದೆ. ದುಂಡನೆಯ ತೂತು ಕಣ್ಣಿಗೆ ಬೀಳುವುದು ಪ್ರೌಢ ಕೀಟ ಹೊರಬಿದ್ದ ಮೇಲೆ. ಅಷ್ಟರಲ್ಲಿ ಒಳಗಿನ ತಿರುಳು ಖಾಲಿ. ಬೇಳೆ ಒಡೆಸಿಟ್ಟರೆ ಈ ಕಾಟ ಬಹಳ ಕಡಿಮೆ, ಆದರೆ ಬಿತ್ತನೆಯ ಕಾಳನ್ನು ಒಡೆಯುವಂತಿಲ್ಲವಲ್ಲ! ಕೆಮ್ಮಣ್ಣು ಸವರಿ, ಬೂದಿ ಬೆರೆಸಿ, ಬೇವಿನ ಸೊಪ್ಪು ಹಾಕಿ ಇಡುತ್ತಿದ್ದ ಹಿರಿಯರು ಅದಕ್ಕೇ ಅಷ್ಟು ಪಾಡುಪಟ್ಟದ್ದು.

ಎಲ್ಲಕ್ಕಿಂತ ದೊಡ್ಡ ಶತ್ರು ತೇವ. ಪ್ರಮಾಣಿತ ಬಿತ್ತನೆ ತೊಗರಿಯಲ್ಲಿ ತೇವಾಂಶ ಶೇ 9 ಮೀರುವಂತಿಲ್ಲ. ತೇವಾಂಶ ಶೇ 1ರಷ್ಟು ಇಳಿದಂತೆ, ಇಲ್ಲವೇ ಕೋಣೆಯ ಬಿಸಿ 5 ಡಿಗ್ರಿ ತಗ್ಗಿದಂತೆ ಬೀಜದ ಆಯಸ್ಸು ಸುಮಾರು ಇಮ್ಮಡಿಯಾಗುತ್ತದೆಂಬುದು ಬೀಜವಿಜ್ಞಾನಿ ಹ್ಯಾರಿಂಗ್ಟನ್ ಹೇಳಿದ ಸ್ಥೂಲ ಲೆಕ್ಕ. ನಮ್ಮ ಕಡೆಯ ಏಪ್ರಿಲ್–ಮೇ ಬಿಸಿಯಲ್ಲಿ ತಗಡಿನ ಮಾಡಿನ ಕೋಣೆ ಬೀಜಕ್ಕೆ ಎಂಥ ಜಾಗ ಎಂದು ಬೇರೆ ಹೇಳಬೇಕಿಲ್ಲ. ಹಳೇ ಕಾಳು ಎಷ್ಟು ಸೀಟಿ ಹೊಡೆಸಿದರೂ ಮೆತ್ತಗಾಗದಿರುವುದಕ್ಕೂ ಈ ಬಿಸಿ–ತೇವದ ಜೋಡಿಯೇ ಕಾರಣ.

ಬೀದರ್ ಕಡೆಯ ಸೋಯಾ ಇನ್ನೂ ನಾಜೂಕು. ಸಿಪ್ಪೆ ತೆಳು, ಒಕ್ಕುವ ಯಂತ್ರದ ವೇಗ ಹೆಚ್ಚಾದರೆ, ಚೀಲವನ್ನು ಲಾರಿಯಿಂದ ಎಸೆದರೆ, ಹೊರಗೆ ಗಾಯ ಕಾಣದೆಯೂ ಮೊಳಕೆ ಸಾಯುತ್ತದೆ. ಅದಕ್ಕೇ ಬಿತ್ತುವ ಮುಂಚೆ 100 ಕಾಳನ್ನು ಒದ್ದೆ ಗೋಣಿತಟ್ಟಿನಲ್ಲಿ ಸುತ್ತಿ ನೋಡುವ ಹಳೇ ರೂಢಿಯನ್ನು ಬಿಡಬಾರದು. ಸೋಯಾದಲ್ಲಿ 70, ತೊಗರಿಯಲ್ಲಿ 75 ಮೊಳೆತರೆ ಬಿತ್ತಬಹುದು. ತುಸು ಕಡಿಮೆಯಾದರೆ ಎಕರೆಗೆ ಬೀಜ ಹೆಚ್ಚಿಸಬೇಕು. ಅರ್ಧಕ್ಕಿಂತ ಕೆಳಗಿಳಿದರೆ ಮಳೆ ಬರುವುದರೊಳಗೆ ಬೇರೆ ಬೀಜ ಹುಡುಕುವುದೇ ಸರಿ.