ಗ್ರಾಮಿಗೆ ಐದು ಕಿಲೋ ಭಾರ

ಲೆಕ್ಸಸ್ ಎಲ್‌ಎಫ್‌ಎ ಕಾರಿನಲ್ಲಿ ಮುಳ್ಳು ತಿರುಗುವ ಟ್ಯಾಕೋಮೀಟರ್ ಇಲ್ಲ. ಎಂಜಿನ್ ಏರುವ ವೇಗಕ್ಕೆ ಮುಳ್ಳು ಸಾಟಿಯಾಗದೆಂದು ಅದನ್ನು ತಯಾರಿಸಿದವರು ಆ ಜಾಗಕ್ಕೆ ಡಿಜಿಟಲ್ ಪರದೆ ತಂದು ಕೂರಿಸಿದರು. ಐಡ್ಲಿಂಗ್‌ನಲ್ಲಿದ್ದ 4.8 ಲೀಟರಿನ ವಿ10 ಎಂಜಿನ್, ಆಕ್ಸಿಲರೇಟರ್ ಒತ್ತಿದ 0.6 ಸೆಕೆಂಡಿನಲ್ಲಿ ನಿಮಿಷಕ್ಕೆ 9,000 ಸುತ್ತು ಮುಟ್ಟುತ್ತಿತ್ತು. 2010ರಿಂದ 2012ರವರೆಗೆ ಇಂಥ 500 ಕಾರುಗಳಷ್ಟೇ ತಯಾರಾದವು. ಅವುಗಳ ಎಂಜಿನ್ನಿನೊಳಗೆ ಕನೆಕ್ಟಿಂಗ್ ರಾಡೂ ಟೈಟಾನಿಯಂ, ವಾಲ್ವೂ ಟೈಟಾನಿಯಂ.

ಹಗುರ ಬಿಡಿಭಾಗ ಹಾಕಿದರೆ ಕಾರು ಹಗುರಾಗುತ್ತದೆ, ಹಗುರಾದ ಕಾರು ಜೋರಾಗಿ ಓಡುತ್ತದೆ ಎಂದು ನಂಬಿದವರು ಬಹಳ. ಪಿಸ್ಟನ್, ರಾಡ್, ಫ್ಲೈವೀಲ್ ಎಲ್ಲವನ್ನೂ ಬದಲಿಸಿದರೂ ಇಳಿಯುವುದು ಕೆಲವೇ ಕಿಲೋ. ಅಷ್ಟೇ ಬೇಕಿದ್ದರೆ ಡಿಕ್ಕಿಯಲ್ಲಿರುವ ಸ್ಟೆಪ್ನಿ ತೆಗೆದಿಟ್ಟರೆ ಸಾಕು, ಖರ್ಚೂ ಇಲ್ಲ. ಎಂಜಿನ್ನಿನೊಳಗೆ ತೂಕಕ್ಕೆ ಬೆಲೆ ಬರುವುದು ಅದು ಎಷ್ಟಿದೆ ಎಂಬುದರಿಂದಲ್ಲ, ಎಲ್ಲಿ ಕೂತು ಹೇಗೆ ಚಲಿಸುತ್ತದೆ ಎಂಬುದರಿಂದ.

ಪಿಸ್ಟನ್ನನ್ನೇ ನೋಡಿ. 1999ರಲ್ಲಿ ಬಂದ ಹೋಂಡಾ ಎಸ್2000 ಕಾರಿನ ಎರಡು ಲೀಟರ್ ಎಂಜಿನ್ ಕೂಡ 9,000 ಸುತ್ತಿನದು. ಅಂದರೆ ಸೆಕೆಂಡಿಗೆ 150 ಸುತ್ತು. ಪ್ರತಿ ಸುತ್ತಿಗೂ ಪಿಸ್ಟನ್ 84 ಮಿಲಿಮೀಟರ್ ಮೇಲೇರಿ ಅಷ್ಟೇ ಕೆಳಗಿಳಿಯುತ್ತದೆ. ಸರಾಸರಿ ವೇಗ ಗಂಟೆಗೆ 90 ಕಿಲೋಮೀಟರ್, ಅದೇನೂ ದೊಡ್ಡದಲ್ಲ. ಆದರೆ ಸೆಕೆಂಡಿಗೆ 300 ಸಲ ಅದು ಪೂರ್ತಿ ನಿಂತು ಹಿಂದಿರುಗಬೇಕು. ತುತ್ತತುದಿಯಲ್ಲಿ ಅದನ್ನು ನಿಲ್ಲಿಸಿ ಕೆಳಗೆಳೆಯುವ ವೇಗೋತ್ಕರ್ಷ ಲೆಕ್ಕ ಹಾಕಿದರೆ ಗುರುತ್ವಕ್ಕಿಂತ ಸುಮಾರು 4,800 ಪಟ್ಟು ಬರುತ್ತದೆ. ಅಲ್ಲಿ ಒಂದು ಗ್ರಾಂ ಲೋಹ ಹೆಚ್ಚುಕಡಿಮೆ ಐದು ಕಿಲೋ ಭಾರದಂತೆ ಜಗ್ಗುತ್ತದೆ. ಪಿಸ್ಟನ್, ಪಿನ್, ರಿಂಗು ಎಲ್ಲ ಸೇರಿ 400 ಗ್ರಾಂ ಎಂದಿಟ್ಟುಕೊಂಡರೆ ರಾಡಿನ ಮೇಲಿನ ಜಗ್ಗಾಟ ಎರಡು ಟನ್ನಿನ ಹತ್ತಿರ. ಈ ಬಲ ಏರುವುದು ವೇಗದ ವರ್ಗದ ಲೆಕ್ಕದಲ್ಲಿ: 6,000 ಸುತ್ತಿನಿಂದ 9,000ಕ್ಕೆ ಹೋದರೆ ವೇಗ ಒಂದೂವರೆ ಪಟ್ಟು, ಜಗ್ಗಾಟ ಎರಡೂಕಾಲು ಪಟ್ಟು.

ರಾಡ್ ಮುರಿಯುವುದು ಪೆಟ್ರೋಲ್ ಉರಿದು ಪಿಸ್ಟನ್ನನ್ನು ಕೆಳಗೆ ದಬ್ಬುವಾಗ ಎಂದು ನಮಗೆ ಅನಿಸುತ್ತದೆ. ಹೆಚ್ಚಿನ ಸುತ್ತಿನ ಎಂಜಿನ್‌ಗಳಲ್ಲಿ ನಿಜವಾದ ಗಂಡಾಂತರ ಇರುವುದು ಸದ್ದಿಲ್ಲದ ಇನ್ನೊಂದು ಗಳಿಗೆಯಲ್ಲಿ. ಹೊಗೆಯನ್ನು ಹೊರದಬ್ಬಿ ಪಿಸ್ಟನ್ ಮೇಲಕ್ಕೆ ಬಂದಾಗ ವಾಲ್ವ್‌ಗಳು ತೆರೆದಿರುತ್ತವೆ, ಎದುರು ಒತ್ತಿ ಹಿಡಿಯಲು ಅನಿಲವೇ ಇರುವುದಿಲ್ಲ. ಆಗ ಪಿಸ್ಟನ್ನನ್ನು ಹಿಡಿದೆಳೆಯುವ ಇಡೀ ಹೊಣೆ ರಾಡಿನ ಮೇಲೆ, ಅದರ ಬುಡದ ಎರಡು ಬೋಲ್ಟುಗಳ ಮೇಲೆ. 2014ರಲ್ಲಿ ಪೋರ್ಷೆ ಕಂಪನಿ ತನ್ನ ಹೊಸ 911 ಜಿಟಿ3 ಕಾರುಗಳನ್ನು ಓಡಿಸಬೇಡಿ ಎಂದು ಮಾಲೀಕರಿಗೆ ಹೇಳಿ, 785 ಕಾರುಗಳ ಎಂಜಿನ್ನನ್ನೇ ಬದಲಿಸಿಕೊಟ್ಟಿತು. ಅದೂ 9,000 ಸುತ್ತಿನ, ಟೈಟಾನಿಯಂ ರಾಡಿನ ಎಂಜಿನ್. ಸಡಿಲವಾಗಿದ್ದು ರಾಡಿನ ಬೋಲ್ಟ್. ಹಾಗಾಗಿ ಹಗುರ ರಾಡಿಗೆ ಹಣ ಸುರಿಯುವವರು ಬೋಲ್ಟಿನಲ್ಲಿ ಜಿಪುಣತನ ಮಾಡುವುದು ನನಗೆ ಅರ್ಥವಾಗದ ಸಂಗತಿ.

ಟೈಟಾನಿಯಂ ರಾಡನ್ನು ಮಾರಾಟದ ಕಾರಿಗೆ ಮೊದಲು ತಂದಿದ್ದು 1990ರ ಹೋಂಡಾ ಎನ್‌ಎಸ್‌ಎಕ್ಸ್. ಉಕ್ಕಿನ ಸಾಂದ್ರತೆ 7.8 ಇದ್ದರೆ ಟೈಟಾನಿಯಮ್ಮಿನದು 4.5, ಗಟ್ಟಿತನದಲ್ಲಿ ಒಳ್ಳೆಯ ಉಕ್ಕಿಗೆ ಸಮೀಪ. ಲಾಭ ಕಣ್ಣಿಗೆ ಕಟ್ಟುವಂತಿದೆ, ಆದರೆ ಎರಡು ತೊಡಕುಗಳಿವೆ. ಬಲ ಬಿದ್ದಾಗ ಅದು ಉಕ್ಕಿಗಿಂತ ಸುಮಾರು ಎರಡರಷ್ಟು ಹಿಗ್ಗುತ್ತದೆ, ಬಾಗುತ್ತದೆ. ಅದನ್ನು ತಡೆಯಲು ರಾಡನ್ನು ದಪ್ಪ ಮಾಡಬೇಕು, ಆಗ ಉಳಿಸಿದ ತೂಕದಲ್ಲಿ ಒಂದಷ್ಟು ವಾಪಸ್ ಹೋಗುತ್ತದೆ. ಇನ್ನೊಂದು, ಬೇರೆ ಲೋಹಕ್ಕೆ ಉಜ್ಜಿದರೆ ಟೈಟಾನಿಯಂ ಹರಿದು ಅಂಟಿಕೊಳ್ಳುವ ಸ್ವಭಾವದ್ದು. ಕ್ರ್ಯಾಂಕ್‌ಶಾಫ್ಟಿಗೆ ತಾಗುವ ಬದಿಗಳಿಗೆ ಕಠಿಣ ಲೇಪನ ಬಳಿಯದೆ ಉಪಯೋಗಿಸುವಂತಿಲ್ಲ. ಆ ಲೇಪನ ಸವೆದರೆ ರಾಡ್ ಮುಗಿಯಿತು. ಅದೇ ಹೋಂಡಾ ಒಂಬತ್ತು ವರ್ಷದ ನಂತರ ಎಸ್2000 ಮಾಡುವಾಗ ಟೈಟಾನಿಯಂ ಕೈಬಿಟ್ಟು, ಮೇಲ್ಮೈಗೆ ಇಂಗಾಲ ಉಣಿಸಿ ಗಟ್ಟಿಗೊಳಿಸಿದ ಫೋರ್ಜ್ಡ್ ಉಕ್ಕಿನ ರಾಡನ್ನೇ ಹಾಕಿತು. ಎನ್‌ಎಸ್‌ಎಕ್ಸ್‌ಗೆ ಟೈಟಾನಿಯಮ್ಮಿನಲ್ಲಿ ಸಿಕ್ಕಿದ್ದು 8,000 ಸುತ್ತು, ಎಸ್2000ಗೆ ಉಕ್ಕಿನಲ್ಲೇ 9,000. ಲೋಹದ ಹೆಸರಿಗಿಂತ ಕುಸುರಿ ಮುಖ್ಯವೆಂದು ವಾದಿಸುವವರಿಗೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಡ.

ಹಗುರದ ಹುಚ್ಚು ಇನ್ನೂ ಮುಂದಕ್ಕೆ ಹೋಗಿತ್ತು. ತೊಂಬತ್ತರ ದಶಕದ ಕೊನೆಯಲ್ಲಿ ಫಾರ್ಮುಲಾ ಒನ್‌ನ ಮರ್ಸಿಡಿಸ್ ಎಂಜಿನ್‌ಗಳಲ್ಲಿ ಬೆರಿಲಿಯಂ ಬೆರೆಸಿದ ಅಲ್ಯೂಮಿನಿಯಂ ಬಳಕೆಯಾಯಿತು. ಹಗುರ, ಬಿರುಸು, ಶಾಖವನ್ನೂ ಚೆನ್ನಾಗಿ ಸಾಗಿಸುತ್ತದೆ. ಆದರೆ ಬೆರಿಲಿಯಂ ಧೂಳು ಶ್ವಾಸಕೋಶಕ್ಕೆ ವಿಷ. 2001ರ ಹೊತ್ತಿಗೆ ಅದಕ್ಕೆ ನಿಷೇಧ ಬಿತ್ತು.

ಗ್ಯಾರೇಜಿನ ಮಟ್ಟದಲ್ಲಿ ಹೆಚ್ಚು ಮಾರಾಟವಾಗುವುದು ಫೋರ್ಜ್ಡ್ ಪಿಸ್ಟನ್. ಇದರಲ್ಲೂ 2618 ಎಂಬ ಮಿಶ್ರಲೋಹದಲ್ಲಿ ಸಿಲಿಕಾನ್ ತೀರಾ ಕಡಿಮೆ; ಪೆಟ್ಟು ತಾಳುತ್ತದೆ, ಬಿಸಿಗೆ ಹೆಚ್ಚು ಹಿಗ್ಗುತ್ತದೆ. ಸಿಲಿಂಡರಿನಲ್ಲಿ ಅದಕ್ಕೆ ಜಾಗ ಜಾಸ್ತಿ ಬಿಡಬೇಕು, ಹಾಗಾಗಿ ಬೆಳಿಗ್ಗೆ ತಣ್ಣಗಿರುವಾಗ ಸ್ಟಾರ್ಟ್ ಮಾಡಿದರೆ ಡೀಸೆಲ್ ಗಾಡಿಯಂತೆ ಟಕಟಕ ಎನ್ನುತ್ತದೆ. ದಿನಾ ಆಫೀಸಿಗೆ ಹೋಗುವ ಕಾರಿಗೆ ಸುಮಾರು ಶೇ 12ರಷ್ಟು ಸಿಲಿಕಾನ್ ಇರುವ 4032 ಸಾಕು. ಯಾವುದೇ ಆಗಲಿ, ನಾಲ್ಕೂ ಪಿಸ್ಟನ್‌ಗಳನ್ನು ತೂಗಿ ಸರಿಹೊಂದಿಸದೆ ಕೂರಿಸಿದರೆ ಹಗುರವಾಗಿದ್ದೂ ವ್ಯರ್ಥ. ಅಮೆರಿಕನ್ ಮಾದರಿಯ ವಿ8 ಎಂಜಿನ್ನಿಗಂತೂ ಪಿಸ್ಟನ್ ಬದಲಾದರೆ ಕ್ರ್ಯಾಂಕಿನ ಪ್ರತಿತೂಕವನ್ನೇ ಮತ್ತೆ ಹೊಂದಿಸಬೇಕು.

ಇಷ್ಟೆಲ್ಲ ಮಾಡಿದರೂ ಅಶ್ವಶಕ್ತಿ ತಾನಾಗಿ ಏರುವುದಿಲ್ಲ. ಹಗುರ ರಾಡ್ ಕೊಡುವುದು ಇನ್ನಷ್ಟು ಸುತ್ತಲು ಪರವಾನಗಿ ಮಾತ್ರ. ಆ ಎತ್ತರದಲ್ಲಿ ಗಾಳಿ ಎಳೆದುಕೊಳ್ಳಲು ಕ್ಯಾಮ್, ವಾಲ್ವ್ ಸ್ಪ್ರಿಂಗ್, ಇನ್‌ಟೇಕ್ ತಯಾರಿರಬೇಕು. ಇಲ್ಲದಿದ್ದರೆ ಸುತ್ತು ಹೆಚ್ಚುತ್ತದೆ, ಎಳೆತ ಕುಸಿಯುತ್ತದೆ.

ಫ್ಲೈವೀಲಿನ ಕಥೆ ಬೇರೆ. ಅದು ಮೇಲೆ ಕೆಳಗೆ ಹೋಗುವುದಿಲ್ಲ, ತಿರುಗುತ್ತದಷ್ಟೆ. ಕೋಲು ತೆಗೆದ ಮೇಲೂ ಕುಂಬಾರನ ಚಕ್ರ ತಿರುಗುತ್ತಲೇ ಇರುತ್ತದಲ್ಲ, ಫ್ಲೈವೀಲಿನದೂ ಅದೇ ಕೆಲಸ: ಒಂದು ಸಿಲಿಂಡರ್ ಉರಿದು ಇನ್ನೊಂದು ಉರಿಯುವವರೆಗಿನ ಸಂದನ್ನು ತುಂಬುವುದು. ಅದರ ಅಂಚಿನ ಕಡೆ, ಕೇಂದ್ರದಿಂದ 12 ಸೆಂಟಿಮೀಟರ್ ದೂರದಲ್ಲಿ 4 ಕಿಲೋ ಇಳಿಸಿದಿರಿ ಅನ್ನಿ. ಮೊದಲ ಗೇರಿನಲ್ಲಿ ಟೈರು ಒಂದು ಸುತ್ತು ಬರುವಷ್ಟರಲ್ಲಿ ಎಂಜಿನ್ 13 ಸುತ್ತು ತಿರುಗುವ ಕಾರಾದರೆ, ಟೈರಿನ ತ್ರಿಜ್ಯ 30 ಸೆಂಟಿಮೀಟರ್ ಇದ್ದರೆ, ವೇಗ ಹೆಚ್ಚಿಸುವ ಮಟ್ಟಿಗೆ ಕಾರಿನಿಂದ ಸುಮಾರು 108 ಕಿಲೋ ಇಳಿಸಿದ್ದಕ್ಕೆ ಅದು ಸಮ. ಇಲ್ಲಿಯೂ ಗೇರಿನ ಅನುಪಾತದ ವರ್ಗವೇ ಆಟವಾಡುವುದು. ಐದನೇ ಗೇರಿನಲ್ಲಿ ಅನುಪಾತ ನಾಲ್ಕಕ್ಕೆ ಇಳಿದಾಗ ಅದೇ ಲಾಭ ಹತ್ತು ಕಿಲೋಗೆ ಕುಗ್ಗುತ್ತದೆ. ಹೆದ್ದಾರಿಯಲ್ಲಿ ಓವರ್‌ಟೇಕ್ ಮಾಡುವಾಗ ಹಗುರ ಫ್ಲೈವೀಲ್ ಬಹುತೇಕ ಕೆಲಸಕ್ಕೆ ಬರುವುದಿಲ್ಲ. ತಿರುವುಮುರುವಿನ ರ‍್ಯಾಲಿ ದಾರಿಯಲ್ಲಿ ಕಳೆ ಕಟ್ಟುತ್ತದೆ.

ಬೆಲೆ ತೆರಬೇಕಾದ್ದು ಟ್ರಾಫಿಕ್‌ನಲ್ಲಿ. ಐಡ್ಲಿಂಗ್ ನಡುಗುತ್ತದೆ, ಕ್ಲಚ್ ಬಿಡುವಾಗ ಸ್ವಲ್ಪ ಎಡವಟ್ಟಾದರೂ ಎಂಜಿನ್ ಬಂದ್. ಚಾರ್ಮಾಡಿ ಘಾಟಿಯ ಏರಿನಲ್ಲಿ ನಿಂತು ಹೊರಡುವುದು ಪರೀಕ್ಷೆಯೇ. ಹಳೆಯ ಬುಲೆಟ್ ಬೈಕಿನ ಭಾರಿ ಫ್ಲೈವೀಲ್ ಅದನ್ನು ಮೆಲ್ಲಗೆ ಡುಗುಡುಗು ಎನ್ನುತ್ತಾ ಸಾಗಲು ಬಿಡುತ್ತಿದ್ದದ್ದು ನೆನಪಿದ್ದವರಿಗೆ ಇದು ಅದರ ತದ್ವಿರುದ್ಧ ಎಂದರೆ ಸಾಕು. ಖರ್ಚು ಉಳಿಸಲೆಂದು ಎರಕದ ಕಬ್ಬಿಣದ ಹಳೆಯ ಫ್ಲೈವೀಲನ್ನೇ ಲೇತಿಗೆ ಕೊಟ್ಟು ತೆಳ್ಳಗೆ ಮಾಡಿಸುವುದಂತೂ ಅಪಾಯ. ಆ ವೇಗದಲ್ಲಿ ಅದು ಸಿಡಿದರೆ ಚೂರುಗಳು ಗೇರ್‌ಬಾಕ್ಸಿನ ಕವಚ ಸೀಳಿಕೊಂಡು ಬರುತ್ತವೆ.

ಕ್ರ್ಯಾಂಕಿನ ಇನ್ನೊಂದು ತುದಿಯಲ್ಲಿರುವ ಪುಲ್ಲಿಗೂ ಹಗುರ ಅಲ್ಯೂಮಿನಿಯಮ್ಮಿನ ಬದಲಿ ಸಿಗುತ್ತದೆ, ಅಗ್ಗ, ಕೂರಿಸುವುದೂ ಸುಲಭ. ನಾನಾದರೆ ಅದರ ತಂಟೆಗೆ ಹೋಗುವುದಿಲ್ಲ. ಪ್ರತಿ ಸ್ಫೋಟಕ್ಕೂ ಕ್ರ್ಯಾಂಕ್‌ಶಾಫ್ಟ್ ಕೂದಲೆಳೆಯಷ್ಟು ತಿರುಚಿಕೊಂಡು ಮರಳುತ್ತದೆ. ಈ ಕಂಪನವನ್ನು ಹೀರಲೆಂದೇ ಅನೇಕ ಎಂಜಿನ್‌ಗಳ ಪುಲ್ಲಿಯಲ್ಲಿ ಒಳಬಳೆಗೂ ಹೊರಬಳೆಗೂ ನಡುವೆ ರಬ್ಬರ್ ತುಂಬಿರುತ್ತಾರೆ; ಇದೇ ಡ್ಯಾಂಪರ್. ಅದನ್ನು ಕಿತ್ತು ಇಡಿಯಾದ ಲೋಹದ ಪುಲ್ಲಿ ಹಾಕಿದರೆ ಕಂಪನಕ್ಕೆ ಲಗಾಮಿಲ್ಲ. ಆಯಿಲ್ ಪಂಪಿನ ಗೇರ್ ಒಡೆಯಬಹುದು, ಕ್ರ್ಯಾಂಕೇ ಬಿರುಕು ಬಿಡಬಹುದು. ಡ್ಯಾಂಪರ್ ಇಲ್ಲದ ಬರೀ ಪುಲ್ಲಿ ಇರುವ ಎಂಜಿನ್‌ಗಳೂ ಇವೆ, ಅವುಗಳಲ್ಲಿ ಬದಲಿಸಿದರೆ ಈ ಭಯವಿಲ್ಲ. ಬಿಚ್ಚುವ ಮೊದಲು ಪುಲ್ಲಿಯ ಮುಖದ ಮೇಲೆ ಟಾರ್ಚ್ ಬಿಟ್ಟು ನೋಡಿ: ಎರಡು ಲೋಹದ ಬಳೆಗಳ ನಡುವೆ ರಬ್ಬರಿನ ಕಪ್ಪು ಗೆರೆ ಕಂಡರೆ ಸ್ಪ್ಯಾನರ್ ಕೆಳಗಿಡಿ.